ಮಿದುಳಿಗೆ ಒತ್ತಿದ ಮುದ್ರೆ: ಎರಡು ಪುಸ್ತಕಗಳನ್ನು ಕುರಿತು

ಈ ಎರಡು ಪುಸ್ತಕಗಳನ್ನು ನಾವು ಕೈಗೆತ್ತಿಕೊಂಡದ್ದು ವಿಮರ್ಶೆ ಬರೆಯುವ ಹುಮ್ಮಸ್ಸಿನಿಂದಲ್ಲ, ಮನೆಯ ಗರಜಿಗಾಗಿ. ನಮ್ಮ ಮಗಳು ಹತ್ತನೆಯ ತರಗತಿ ಮುಗಿಸಿದಳು. ಅವಳ ಶಾಲೆಯಲ್ಲಿ ಪಾಲಕರಿಗೆಂದು ಒಂದು ಮಾರ್ಗದರ್ಶನ ಸಭೆ ಏರ್ಪಡಿಸಿದ್ದರು. ಬಂದಿದ್ದ ಸಲಹೆಗಾರರು ಪರದೆಯ ಮೇಲೆ ಎರಡು ಮಿದುಳುಗಳನ್ನು ತೋರಿಸಿದರು. ಒಂದಕ್ಕೆ ನೀಲಿ ಬಣ್ಣ, ಇನ್ನೊಂದಕ್ಕೆ ಗುಲಾಬಿ. ಮಗು ತಾಯಿಯ ಗರ್ಭದಲ್ಲಿರುವಾಗಲೇ ಗಂಡು ಹಾರ್ಮೋನು ಗಂಡುಮಕ್ಕಳ ಮಿದುಳನ್ನು ಯಂತ್ರ, ಗಣಿತ, ನಕ್ಷೆಗಳಿಗೆ ಹದಗೊಳಿಸುತ್ತದೆಯಂತೆ. ಅದು ಹೆಚ್ಚಾಗಿ ಸೋಕದ ಹೆಣ್ಣುಮಕ್ಕಳ ಮಿದುಳು ಮುಖ, ಮಾತು, ಮಮತೆಗಳ ಕಡೆಗೆ ಒಲಿಯುತ್ತದೆಯಂತೆ. ಆದಕಾರಣ ವಿಷಯ ಆರಿಸುವಾಗ ನಿಸರ್ಗದ ವಿರುದ್ಧ ಹೋಗಬೇಡಿ ಎಂದು ಅವರ ಬುದ್ಧಿವಾದ. ಮರುದಿನ ಮಕ್ಕಳಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಂಡು, ವಾರದೊಳಗೆ ಒಬ್ಬೊಬ್ಬರಿಗೂ ಒಂದು ಸಲಹಾಪತ್ರ ಕೊಟ್ಟರು. ನಮ್ಮ ಮಗಳ ಪತ್ರದಲ್ಲಿ ಮನಃಶಾಸ್ತ್ರ, ಶಿಕ್ಷಕ ತರಬೇತಿ, ಅಥವಾ ಜೀವಶಾಸ್ತ್ರ ಎಂದಿತ್ತು. ಕೊನೆಯ ಸಾಲಿನಲ್ಲಿ, ತಾಂತ್ರಿಕ ವಿಷಯಗಳು ಇವಳ ಸ್ವಭಾವಕ್ಕೆ ಅಷ್ಟಾಗಿ ಒಗ್ಗಲಾರವು ಎಂದು ಬರೆದಿತ್ತು.

ಮಗಳಾದರೋ ಮನೆಯ ಮಿಕ್ಸರನ್ನು ಎರಡು ಸಲ ಬಿಚ್ಚಿದವಳು. ಒಂದು ಸಲ ಅದು ಮತ್ತೆ ತಿರುಗಿತು ಕೂಡ. ಗಣಿತ, ಭೌತಶಾಸ್ತ್ರ ತೆಗೆದುಕೊಂಡು ಮೆಕ್ಯಾನಿಕಲ್ ಎಂಜಿನಿಯರಿಂಗಿಗೆ ಹೋಗಬೇಕೆಂಬುದು ಅವಳ ಹಟ. ಪತ್ರ ಓದಿದ ಮೇಲೆ ಎರಡು ದಿನ ಮಾತಾಡಲಿಲ್ಲ. ಹುಬ್ಬಳ್ಳಿಯ ಭಾವನವರಿಗೆ ಫೋನಿನಲ್ಲಿ ತಿಳಿಸಿದರೆ, "ಸೈನ್ಸಿನವರ ಹೇಳ್ಯಾರಂದ್ರ ಮುಗೀತಲ್ಲಪಾ" ಎಂದುಬಿಟ್ಟರು. ನಮಗೆ ಮುಗಿಯಲಿಲ್ಲ. ಇಪ್ಪತ್ತು ವರ್ಷ ಫೈಲುಗಳ ನಡುವೆ ಕುಳಿತವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಟಿಪ್ಪಣಿಯಲ್ಲಿ ಏನೇ ಬರೆದಿರಲಿ, ಹಿಂದಿನ ಪುಟ ತಿರುವಿ ಅದರ ಆಧಾರದ ಕಾಗದ ಎಲ್ಲಿದೆ ಎಂದು ಹುಡುಕುತ್ತೇವೆ. ಸಲಹೆಗಾರರನ್ನೇ ಕೇಳಿದೆವು. ಅವರು ಸೌಜನ್ಯದಿಂದ ಒಂದು ಪುಸ್ತಕದ ಹೆಸರು ಬರೆದುಕೊಟ್ಟರು: ಕೇಂಬ್ರಿಜ್‌ನ ಮನೋವಿಜ್ಞಾನಿ ಸೈಮನ್ ಬ್ಯಾರನ್-ಕೋಹೆನ್ 2003ರಲ್ಲಿ ಬರೆದ 'ದಿ ಎಸೆನ್ಷಿಯಲ್ ಡಿಫರೆನ್ಸ್'. ಅದಕ್ಕೆ ಎದುರಾಗಿ ನಿಲ್ಲುವ ಪುಸ್ತಕವೊಂದು ಆಮೇಲೆ ನಮಗೆ ಸಿಕ್ಕಿತು: ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ರೆಬೆಕಾ ಜೋರ್ಡನ್-ಯಂಗ್ ಅವರ 'ಬ್ರೈನ್ ಸ್ಟಾರ್ಮ್', 2010ರದು, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಟಣೆ. ಡೊಂಬಿವಿಲಿಯಿಂದ ಫೋರ್ಟಿಗೆ ಹೋಗಿಬರುವ ಲೋಕಲ್ಲಿನಲ್ಲಿ ಎರಡನ್ನೂ ಓದಿ ಮುಗಿಸಲು ನಮಗೆ ಎರಡೂವರೆ ತಿಂಗಳು ಬೇಕಾಯಿತು. ನಮ್ಮಂತೆಯೇ ಮಕ್ಕಳ ಅರ್ಜಿಗಳನ್ನು ಹಿಡಿದು ಕುಳಿತ ಮನೆಗಳು ನಮ್ಮ ಬಳಗದಲ್ಲಿ ಇನ್ನೂ ಇರುವುದರಿಂದ, ಕಂಡದ್ದನ್ನು ಇಲ್ಲಿ ಹೇಳುತ್ತೇವೆ.

ಮೊದಲು ವಿವಾದವಿಲ್ಲದ ಮಾತು. ಧಾರವಾಡದಲ್ಲಿ ನಾವು ಬಿ.ಎಸ್‌ಸಿ. ಓದುವಾಗ ಪ್ರಾಣಿಶಾಸ್ತ್ರದ ಪಠ್ಯದಲ್ಲಿ ಈ ವಿಷಯಕ್ಕೆ ಅರ್ಧ ಪುಟ ಮೀಸಲಿತ್ತು. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ಮೊಲದ ಭ್ರೂಣದಿಂದ ವೃಷಣಗಳನ್ನು ತೆಗೆದುಹಾಕಿದಾಗ, ಗಂಡಾಗಬೇಕಿದ್ದ ಭ್ರೂಣದ ಜನನಾಂಗಗಳು ಹೆಣ್ಣಿನಂತೆ ಬೆಳೆದವು. ಗಂಡುತನಕ್ಕೆ ವೃಷಣದ ಸ್ರಾವ ಬೇಕು, ಅದಿಲ್ಲದಿದ್ದರೆ ದೇಹ ಹೆಣ್ಣಿನ ದಾರಿ ಹಿಡಿಯುತ್ತದೆ ಎಂದು ಆಗ ತಿಳಿಯಿತು. ದೇಹದ ಈ ನಿಯಮ ಮಿದುಳಿಗೂ ಅನ್ವಯಿಸೀತೇ? ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಫೀನಿಕ್ಸ್, ಗಾಯ್, ಜೆರಾಲ್, ಯಂಗ್ ಎಂಬ ನಾಲ್ವರು 1959ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬಸಿರಿ ಗಿನಿಯಿಲಿಗಳಿಗೆ ಟೆಸ್ಟೊಸ್ಟಿರೋನ್ ಚುಚ್ಚಿದರು. ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾದ ಮೇಲೆ, ಹೆಣ್ಣಿನ ಹಾರ್ಮೋನು ಕೊಟ್ಟರೂ ಹೆಣ್ಣಿನ ಕೂಡುವ ಭಂಗಿಗೆ ಸರಿಯಾಗಿ ಬರಲಿಲ್ಲ. ಗಂಡಿನಂತೆ ಇತರ ಹೆಣ್ಣುಗಳ ಮೇಲೇರಲು ಹವಣಿಸಿದವು. ಬೆಳೆದ ಹೆಣ್ಣಿಗೆ ಅದೇ ಹಾರ್ಮೋನು ಕೊಟ್ಟರೆ ಇಂಥ ಶಾಶ್ವತ ಬದಲಾವಣೆ ಕಾಣಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವುದಿಲ್ಲವೇ, ಹಾಗೆ. ಹಾರ್ಮೋನಿಗೆ ಎರಡು ಕೆಲಸ: ಎಳವೆಯಲ್ಲಿ ಕಟ್ಟುವುದು, ಪ್ರಾಯದಲ್ಲಿ ಎಬ್ಬಿಸುವುದು. ಮುಂದೆ 1978ರಲ್ಲಿ ಲಾಸ್ ಏಂಜಲಿಸ್‌ನ ಗೋರ್ಸ್ಕಿ ಮತ್ತು ಸಂಗಡಿಗರು ಇಲಿಯ ಮಿದುಳಿನ ತಳದಲ್ಲಿ ಒಂದು ನರಕೋಶಗಳ ಗಂಟನ್ನು ಕಂಡುಹಿಡಿದರು. ಗಂಡಿನಲ್ಲಿ ಅದು ಹೆಣ್ಣಿನದಕ್ಕಿಂತ ಹಲವು ಪಟ್ಟು ದೊಡ್ಡದು, ಮತ್ತು ಅದರ ಗಾತ್ರವನ್ನು ಹುಟ್ಟಿನ ಆಸುಪಾಸಿನ ಹಾರ್ಮೋನು ನಿರ್ಧರಿಸುತ್ತದೆ.

ಇದರಲ್ಲೊಂದು ಸೋಜಿಗವಿದೆ. ಇಲಿಯ ಮಿದುಳೊಳಗೆ ಹೊಕ್ಕ ಟೆಸ್ಟೊಸ್ಟಿರೋನಿನ ಒಂದು ಭಾಗ ಅಲ್ಲಿಯೇ ಈಸ್ಟ್ರೊಜೆನ್ ಆಗಿ ಮಾರ್ಪಡುತ್ತದೆ. ನಾವು ಹೆಣ್ಣು ಹಾರ್ಮೋನು ಎಂದು ಕರೆಯುವ ಆ ವಸ್ತುವೇ ಗಂಡಿಲಿಯ ಮಿದುಳನ್ನು ಗಂಡು ಮಾಡುತ್ತದೆ! ಹಾಗಿದ್ದರೆ ತಾಯಿಯ ರಕ್ತದ ಈಸ್ಟ್ರೊಜೆನ್ ಹೆಣ್ಣುಮರಿಯನ್ನೂ ಕೆಡಿಸಬೇಕಲ್ಲ? ಕೆಡಿಸದು. ಮರಿಯ ರಕ್ತದಲ್ಲಿರುವ ಆಲ್ಫಾ-ಫೀಟೋಪ್ರೋಟೀನ್ ಎಂಬ ಪ್ರೋಟೀನು ಅದನ್ನು ಹಿಡಿದಿಟ್ಟು ಮಿದುಳಿಗೆ ಹೋಗಗೊಡುವುದಿಲ್ಲ. ಮನುಷ್ಯರಲ್ಲಿ ಈ ಪ್ರೋಟೀನು ಆ ಕಾವಲು ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಟೆಸ್ಟೊಸ್ಟಿರೋನ್ ನೇರವಾಗಿಯೇ ಕೆಲಸ ಮಾಡುವಂತೆ ತೋರುತ್ತದೆ. ಮನುಷ್ಯ ಭ್ರೂಣದ ವೃಷಣಗಳು ಎಂಟನೆಯ ವಾರದ ಸುಮಾರಿಗೆ ಟೆಸ್ಟೊಸ್ಟಿರೋನ್ ಸುರಿಸತೊಡಗುತ್ತವೆ. ಅದು ಬಸಿರಿನ ನಡುಭಾಗದವರೆಗೆ ಜೋರಾಗಿದ್ದು ಇಳಿಯುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಮತ್ತೊಮ್ಮೆ ಏರುತ್ತದೆ. ಅಂದರೆ ಹಾರ್ಮೋನಿನ ಅಲೆ ಇದೆ, ಸಂದೇಹವಿಲ್ಲ. ಆದರೆ ಇಲಿಯ ಲೆಕ್ಕವನ್ನು ಹಾಗೆಯೇ ಮನುಷ್ಯನ ಖಾತೆಗೆ ವರ್ಗಾಯಿಸಲು ಬರುವುದಿಲ್ಲ. ಇಲಿಯಲ್ಲಿ ಅಳೆದದ್ದು ಕೂಡುವ ಭಂಗಿಯನ್ನು. ಶಾಲೆಯ ಪರದೆಯ ಮೇಲೆ ತೋರಿಸಿದ್ದು ಹನ್ನೊಂದನೆಯ ತರಗತಿಯ ಗಣಿತವನ್ನು.

ಈ ನಡುವಿನ ಹೊಳೆಗೆ ಸೇತುವೆ ಕಟ್ಟುವ ಕೆಲಸವನ್ನು ಬ್ಯಾರನ್-ಕೋಹೆನ್ ಹಿಡಿದಿದ್ದಾರೆ. ಅವರ ಬರಹ ಸುಲಲಿತ. ಆಟಿಸಂ ಇರುವ ಮಕ್ಕಳ ಬಗ್ಗೆ ಬರೆಯುವಾಗ ಅವರ ಅನುಭವ, ಅನುಕಂಪ ಎರಡೂ ಕಾಣುತ್ತವೆ. ಆ ಅಧ್ಯಾಯಗಳನ್ನು ಓದಿದ್ದಕ್ಕೆ ನಮಗೆ ಸಂತೋಷವಿದೆ. ಅವರ ಸಿದ್ಧಾಂತದ ಪ್ರಕಾರ ಮಿದುಳಿಗೆ ಎರಡು ಒಲವು: ಇನ್ನೊಬ್ಬರ ಮನಸ್ಸನ್ನು ಅರಿಯುವುದು ಒಂದು, ವ್ಯವಸ್ಥೆಗಳನ್ನು ಬಿಡಿಸಿ ನೋಡುವುದು ಇನ್ನೊಂದು. ಮೊದಲನೆಯದು ಸರಾಸರಿಯಲ್ಲಿ ಹೆಂಗಸರಿಗೆ, ಎರಡನೆಯದು ಸರಾಸರಿಯಲ್ಲಿ ಗಂಡಸರಿಗೆ. ಎಲ್ಲ ಗಂಡಸರಿಗೂ 'ಗಂಡು ಮಿದುಳು' ಇರುವುದಿಲ್ಲ, ಎಲ್ಲ ಹೆಂಗಸರಿಗೂ 'ಹೆಣ್ಣು ಮಿದುಳು' ಇರುವುದಿಲ್ಲ ಎಂದು ಅವರು ಸ್ಪಷ್ಟವಾಗಿಯೇ ಬರೆದಿದ್ದಾರೆ. ನಮ್ಮ ಸಲಹೆಗಾರರು ನುಂಗಿಕೊಂಡದ್ದು ಈ ಮಾತನ್ನು. ಗ್ರಂಥಕರ್ತನಿಗೆ ಅನ್ಯಾಯವಾಗಬಾರದೆಂದು ಹೇಳಿದೆವು.

ಆದರೆ ಹೆಂಗಸಿಗೂ ಇರಬಹುದಾದದ್ದನ್ನು 'ಗಂಡು' ಎಂದು ಹೆಸರಿಸುವುದೇಕೆ? ಪುಸ್ತಕದ ಕೊನೆಯಲ್ಲಿ ಯಾವ ಮಿದುಳಿನವರು ಯಾವ ಕಸುಬಿಗೆ ಚೆನ್ನು ಎಂದೊಂದು ಪಟ್ಟಿ ಬರುತ್ತದೆ. ಹೆಣ್ಣು ಮಿದುಳಿನವರು ದಾದಿಯರು, ಪ್ರಾಥಮಿಕ ಶಾಲೆಯ ಶಿಕ್ಷಕರು, ಸಮಾಜಸೇವಕರು, ಸಲಹೆಗಾರರು. ಗಂಡು ಮಿದುಳಿನವರು ವಿಜ್ಞಾನಿಗಳು, ಎಂಜಿನಿಯರರು, ವಾಸ್ತುಶಿಲ್ಪಿಗಳು, ಬ್ಯಾಂಕಿನವರು, ಸಂಗೀತಗಾರರು ಸಹ. ಸಂಗೀತ ಯಾವ ನ್ಯಾಯದಿಂದ ಗಂಡಿನ ಖಾತೆಗೆ ಬಿತ್ತು? ಗಂಗೂಬಾಯಿ ಹಾನಗಲ್ಲರ ಊರಿನಿಂದ ಬಂದ ನಮಗೆ ತಿಳಿಯಲಿಲ್ಲ. ಎರಡು ಪಟ್ಟಿಗಳ ಪಗಾರವನ್ನು ಓದುಗರೇ ಹೋಲಿಸಿಕೊಳ್ಳಬಹುದು.

ಆಧಾರದ ಕಾಗದಗಳಲ್ಲಿ ಮುಖ್ಯವಾದದ್ದು ನವಜಾತ ಶಿಶುಗಳ ಮೇಲಿನ ಒಂದು ಪ್ರಯೋಗ, 2000ನೆಯ ಇಸವಿಯದು. ಹುಟ್ಟಿದ ಒಂದೆರಡು ದಿನದ 102 ಕೂಸುಗಳಿಗೆ ಒಮ್ಮೆ ಸಂಶೋಧಕಿ ತಮ್ಮ ಮುಖ ತೋರಿಸಿದರು, ಇನ್ನೊಮ್ಮೆ ತೂಗಾಡುವ ಒಂದು ಯಾಂತ್ರಿಕ ಗೊಂಬೆ ತೋರಿಸಿದರು. ಗಂಡುಕೂಸುಗಳಲ್ಲಿ ಗೊಂಬೆಯನ್ನು ಹೆಚ್ಚು ಹೊತ್ತು ನೋಡಿದವು ಹೆಚ್ಚು. ಹೆಣ್ಣುಕೂಸುಗಳಲ್ಲಿ ಮುಖವನ್ನು ನೋಡಿದವು ಹೆಚ್ಚು. ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಸಂಗತಿಯೆಂದರೆ, ಹೆಣ್ಣುಕೂಸುಗಳಲ್ಲಿ ಅರ್ಧಕ್ಕೆ ಸಮೀಪ, ಗಂಡುಕೂಸುಗಳಲ್ಲಿ ಮೂರರಲ್ಲೊಂದು ಪಾಲು, ಯಾವ ಕಡೆಗೂ ವಾಲಲಿಲ್ಲ. ವಿಡಿಯೋ ನೋಡಿ ಅಂಕ ಹಾಕಿದವರಿಗೆ ಕೂಸು ಗಂಡೋ ಹೆಣ್ಣೋ ತಿಳಿಯದಂತೆ ಎಚ್ಚರ ವಹಿಸಿದ್ದರು, ಅದು ಮೆಚ್ಚತಕ್ಕದ್ದು. ಆದರೆ ಮುಖ ತೋರಿಸಿದವರು ಆಸ್ಪತ್ರೆಯ ಕೋಣೆಯಲ್ಲೇ ಇದ್ದರು. ಬಾಣಂತಿಯ ಕೋಣೆಯಲ್ಲಿ ಬಟ್ಟೆ, ಬಲೂನು, ಶುಭಾಶಯದ ಕಾರ್ಡು ಎಲ್ಲವೂ ಮಗು ಯಾವುದೆಂದು ಸಾರುತ್ತಿರುತ್ತವೆ. ಜೀವಂತ ಮುಖ ತನಗೆ ತಿಳಿಯದಂತೆಯೇ ಒಂದು ಕೂಸಿಗೆ ಹೆಚ್ಚು ನಗಬಹುದು. ಇನ್ನೊಂದು ಆಧಾರ, ಗರ್ಭಜಲದಲ್ಲಿ ಅಳೆದ ಟೆಸ್ಟೊಸ್ಟಿರೋನ್ ಹೆಚ್ಚಿದ್ದ ಮಕ್ಕಳು ಒಂದು ವರ್ಷದವರಾದಾಗ ತಾಯಿಯ ಕಣ್ಣನ್ನು ಕಡಿಮೆ ನೋಡಿದರು ಎಂಬುದು. ಆ ನೀರನ್ನು ತೆಗೆದದ್ದು ಬೇರೆ ಕಾರಣಕ್ಕೆ ಪರೀಕ್ಷೆ ಮಾಡಿಸಿಕೊಂಡ ತಾಯಂದಿರಿಂದ, ಇಡೀ ಬಸಿರಿನಲ್ಲಿ ಒಂದೇ ಸಲ.

ಪುಸ್ತಕದ ಅನುಬಂಧದಲ್ಲಿ ಪ್ರಶ್ನಾವಳಿಗಳಿವೆ. ನೋಡಿದೊಡನೆ ಮಗಳು ಗುರುತಿಸಿದಳು: ಶಾಲೆಯಲ್ಲಿ ಕೊಟ್ಟದ್ದು ಇದರದೇ ಚುಟುಕು ರೂಪ. ವ್ಯವಸ್ಥೆಯ ಒಲವನ್ನು ಅಳೆಯಲು ಕಾರಿನ ಎಂಜಿನು, ಮನೆಯ ವೈರಿಂಗು, ರೈಲು ಜಾಲ ಇಂಥವನ್ನು ಕೇಳಿದ್ದಾರೆ. ಕಾರು ಕೊಳ್ಳುವಾಗ ಎಂಜಿನಿನ ವಿವರ ಕೇಳುತ್ತೀರಾ ಎಂದರೆ, ಕಾರೇ ಇಲ್ಲದ ಮನೆಯ ಹುಡುಗಿ ಏನೆಂದು ಬರೆಯಬೇಕು? ನಮ್ಮ ಮನೆಯವರು ಅಡುಗೆಮನೆಯಿಂದಲೇ ಒಂದು ಪ್ರಶ್ನೆ ಎಸೆದರು: "ಇದರಾಗ ರಂಗೋಲಿ ಎಲ್ಲ್ಯದ?" ಯೋಚಿಸಿದರೆ ಈ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಇನ್ನಿಲ್ಲ. ನಡುವೆ 15 ಚುಕ್ಕಿ ಇಟ್ಟು, ಸಂದಿನಲ್ಲಿ ಒಂದೊಂದು ಕಡಿಮೆ ಮಾಡುತ್ತ ಎರಡೂ ಕಡೆ 8ಕ್ಕೆ ಇಳಿಸಿದರೆ ಆರು ಮೂಲೆಯ ಆಕೃತಿ ಬರುತ್ತದೆ. ಒಂದು ಚುಕ್ಕಿ ತಪ್ಪಿದರೆ ಸುತ್ತಿಬಂದ ಎಳೆ ಕೂಡುವುದಿಲ್ಲ. ಇದು ಲೆಕ್ಕವಲ್ಲದೆ ಮತ್ತೇನು? ಕುಪ್ಪಸದ ಬಟ್ಟೆ ಕತ್ತರಿಸುವುದು, ಸ್ವೆಟರಿನ ಹೆಣಿಗೆಯ ಮನೆಗಳನ್ನು ಎಣಿಸುವುದು, ತಿಂಗಳ ಚೀಟಿಯ ಕಸರು ಹಂಚುವುದು, ಎಲ್ಲವೂ ವ್ಯವಸ್ಥೆಗಳೇ. ಪ್ರಶ್ನೆ ಬರೆದವರ ಕಣ್ಣಿಗೆ ಎಂಜಿನು ಮಾತ್ರ ವ್ಯವಸ್ಥೆಯಾಗಿ ಕಂಡರೆ ಗಂಡಸರಿಗೆ ಹೆಚ್ಚು ಅಂಕ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಆ ಅಂಕವನ್ನು ಗರ್ಭದ ಹಾರ್ಮೋನಿನ ಹೆಸರಿಗೆ ಜಮಾ ಮಾಡುವುದು ಹೇಗೆ?

ಕೋತಿಗಳ ಪ್ರಯೋಗವನ್ನೂ ಈ ವಾದದವರು ಮೇಲಿಂದ ಮೇಲೆ ಎತ್ತುತ್ತಾರೆ. ಅಲೆಕ್ಸಾಂಡರ್ ಮತ್ತು ಹೈನ್ಸ್ ಎಂಬ ಇಬ್ಬರು ಸಂಶೋಧಕಿಯರು 2002ರಲ್ಲಿ ಪ್ರಕಟಿಸಿದ್ದು. ವರ್ವೆಟ್ ಕೋತಿಗಳಿಗೆ ಆಟಿಕೆ ಕೊಟ್ಟಾಗ ಗಂಡುಗಳು ಚೆಂಡು ಮತ್ತು ಪೊಲೀಸ್ ಕಾರನ್ನೂ, ಹೆಣ್ಣುಗಳು ಗೊಂಬೆ ಮತ್ತು ಅಡುಗೆ ಪಾತ್ರೆಯನ್ನೂ ಹೆಚ್ಚು ಹೊತ್ತು ಹಿಡಿದವು. ಓದಿ ಹೇಳಿದಾಗ ಮಗಳು ಕೇಳಿದಳು: "ಅಪ್ಪಾ, ಮಂಗ್ಯಾ ಅಡಿಗಿ ಯಾವಾಗ ಮಾಡತದ?" ಎರಡು ದಿನದ ಮೌನ ಮುರಿದದ್ದು ಆಗ. ಗೊಂಬೆಯ ವಿಷಯ ಬೇರೆ. ಪಾತ್ರೆ ಹೆಣ್ಣಿನದೆಂದು ಕೋತಿಗೆ ಗೊತ್ತಿರುವ ಸಂಭವವಿಲ್ಲ, ಬಣ್ಣವೋ ಆಕಾರವೋ ಎಳೆದಿರಬೇಕು. ಹಾಗಾದರೆ ಅದು ತೋರಿಸಿದ್ದೇನು?

ಇನ್ನು ಜೋರ್ಡನ್-ಯಂಗ್. ಇವರ ಪುಸ್ತಕ ಓದುವುದು ಸುಲಭವಲ್ಲ. ಒಂದೇ ಮಾತನ್ನು ನಾಲ್ಕು ಕಡೆ ಹೇಳುತ್ತಾರೆ, ವಾಕ್ಯಗಳು ಉದ್ದ. ಕಲ್ಯಾಣ ಕಡೆಯ ಗರ್ದಿಯಲ್ಲಿ ನಿಂತು ಓದತಕ್ಕ ಪುಸ್ತಕವಲ್ಲ. ಆದರೆ ಕೆಲಸ ನಮ್ಮಂಥವರಿಗೆ ಪ್ರಿಯವಾದದ್ದು: ಲೆಕ್ಕ ತಪಾಸಣೆ. ಮನುಷ್ಯರ ಮಿದುಳು ಮತ್ತು ಹಾರ್ಮೋನಿನ ಬಗ್ಗೆ ಬಂದ ಮುನ್ನೂರಕ್ಕೂ ಮಿಕ್ಕಿದ ಅಧ್ಯಯನಗಳನ್ನು ಒಟ್ಟಿಗೆ ಹರವಿ, ಒಂದು ಇನ್ನೊಂದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿದ್ದಾರೆ. ಬಿಡಿಬಿಡಿಯಾಗಿ ಎಲ್ಲವೂ 'ಹೌದು' ಎನ್ನುವಂತಿವೆ. ಕೂಡಿಸಲು ಹೋದರೆ ಒಬ್ಬರು 'ಗಂಡಿನ ಲಕ್ಷಣ' ಎಂದದ್ದು ಇನ್ನೊಬ್ಬರಿಗೆ ಅದಲ್ಲ. 1960ರ ದಶಕದಲ್ಲಿ ಜಾನ್ ಮನಿ, ಆಂಕೆ ಎರ್ಹಾರ್ಟ್ ಮೊದಲಾದವರು ಹುಡುಗಿಯರಲ್ಲಿ ಗಂಡುತನದ ಗುರುತುಗಳೆಂದು ಎಣಿಸಿದ್ದರಲ್ಲಿ ಮದುವೆಗಿಂತ ಉದ್ಯೋಗಕ್ಕೆ ಹೆಚ್ಚು ಬೆಲೆ ಕೊಡುವುದೂ ಒಂದು. ಆ ಅಳತೆಗೋಲು ಹಿಡಿದು ನಮ್ಮ ಸಂಘದ ಯಾವ ಸಭೆಗೆ ಬಂದರೂ, ಬ್ಯಾಂಕು, ಎಲ್‌ಐಸಿ, ರೈಲ್ವೆಗಳಿಂದ ನೇರವಾಗಿ ಬಂದು ಕುಳಿತ ಮಹಿಳಾ ಸದಸ್ಯರಲ್ಲಿ ಅರ್ಧ ಜನರ ಮಿದುಳು ಗಂಡಾಗುತ್ತದೆ. ಎರಡು ದಶಕಗಳ ಮೇಲೆ ಅದೇ ಗುಣ ಹೆಣ್ಣಿಗೆ ಸಹಜವಾಯಿತು. ಮಿದುಳು ಬದಲಾಗಲಿಲ್ಲ, ನಮೂನೆಯ ಕಲಮು ಬದಲಾಯಿತು. ಈ ಸಂಗತಿಯನ್ನು ಅವರಷ್ಟು ತಾಳ್ಮೆಯಿಂದ ತೋರಿಸಿದವರನ್ನು ನಾವು ಬೇರೆ ಓದಿಲ್ಲ.

ಇಷ್ಟಾದರೂ ಅವರ ಪೂರ್ಣ ಪಕ್ಷಕ್ಕೆ ನಾವು ಸಹಿ ಹಾಕಲಾರೆವು. ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಕಿಣ್ವದ ಕೊರತೆಯಿರುವ ಹೆಣ್ಣುಮಕ್ಕಳಿದ್ದಾರೆ. ಗರ್ಭದಲ್ಲಿ ಅವರ ದೇಹವೇ ಗಂಡು ಹಾರ್ಮೋನನ್ನು ಅತಿಯಾಗಿ ತಯಾರಿಸುತ್ತದೆ. (ಇದು ಬರೀ ಸಂಶೋಧಕರ ಕುತೂಹಲದ ವಸ್ತುವಲ್ಲ. ತೀವ್ರ ರೂಪದಲ್ಲಿ ಮೊದಲ ವಾರಗಳಲ್ಲೇ ಶರೀರದ ಉಪ್ಪು ಸೋರಿ ಕೂಸಿನ ಜೀವಕ್ಕೆ ಅಪಾಯ. ಜೀವನಪರ್ಯಂತ ಔಷಧ ಬೇಕು.) ಈ ಹುಡುಗಿಯರು ತಮ್ಮ ಅಕ್ಕತಂಗಿಯರಿಗಿಂತ ಗಾಡಿ, ಕಟ್ಟುವ ಆಟಿಕೆಗಳ ಜೊತೆ ಹೆಚ್ಚು ಆಡುತ್ತಾರೆ ಎಂದು ಬೆರೆನ್‌ಬಾಮ್ ಮತ್ತು ಹೈನ್ಸ್ 1992ರಲ್ಲಿ ತೋರಿಸಿದರು, ಬೇರೆ ಬೇರೆ ದೇಶಗಳಲ್ಲಿ ಅದು ಮತ್ತೆ ಮತ್ತೆ ಕಂಡಿದೆ. ಹುಟ್ಟಿದಾಗಿನ ದೇಹಸ್ಥಿತಿ, ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ಅಲೆದಾಟ, ತಂದೆತಾಯಿಗಳ ನಿರೀಕ್ಷೆ, ಇವೂ ಕಾರಣವಾಗಬಹುದೆಂದು ಜೋರ್ಡನ್-ಯಂಗ್ ವಾದಿಸುತ್ತಾರೆ. ಆಗಬಹುದು. ಆದರೆ 2005ರ ಒಂದು ಅಧ್ಯಯನದಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ: ತಂದೆತಾಯಿಗಳು ಇಂಥ ಮಗಳನ್ನು ಅವಳ ಆರೋಗ್ಯವಂತ ಅಕ್ಕತಂಗಿಯರಿಗಿಂತ ಹೆಚ್ಚಾಗಿಯೇ 'ಹೆಣ್ಣುಮಕ್ಕಳ' ಆಟಿಕೆಗಳ ಕಡೆಗೆ ಉತ್ತೇಜಿಸುತ್ತಿದ್ದರು. ಆದರೂ ಅವಳು ಗಾಡಿಯ ಕಡೆಗೇ ಹೋದಳು. ಮಕ್ಕಳ ಆಟದ ಮಟ್ಟಿಗೆ ಹಾರ್ಮೋನಿನ ಕೈವಾಡ ಇದೆಯೆಂದೇ ನಾವು ತಿಳಿಯುತ್ತೇವೆ. ಲೇಖಕಿಯ ವಾದ ಇಲ್ಲಿ ತೆಳುವಾಗಿದೆ. ಇದೇ ಹುಡುಗಿಯರಲ್ಲಿ ಬಹುಪಾಲು ತಾವು ಹೆಣ್ಣೆಂದೇ ಭಾವಿಸಿ ಬೆಳೆಯುತ್ತಾರೆ ಎಂಬುದನ್ನೂ, ನಕ್ಷೆ-ಆಕೃತಿಗಳ ಪರೀಕ್ಷೆಗಳಲ್ಲಿ ಅವರ ಫಲಿತಾಂಶ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ವ್ಯತ್ಯಾಸವಿಲ್ಲ ಎಂದು ಹೊಯ್ದಾಡುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಎರಡೂ ಪಕ್ಷದವರು ಹಾರ್ಮೋನು ಒಂದು ತಕ್ಕಡಿಯಲ್ಲಿ, ಪಾಲನೆ ಇನ್ನೊಂದು ತಕ್ಕಡಿಯಲ್ಲಿ ಎಂಬಂತೆ ತೂಗಲು ಕೂಡುವಾಗ ನಮಗೆ ಸೀಲಿಯಾ ಮೂರ್ ಅವರ ಇಲಿಗಳು ನೆನಪಾಗುತ್ತವೆ. ತಾಯಿ ಇಲಿ ಮರಿಗಳ ಹಿಂಭಾಗವನ್ನು ನೆಕ್ಕಿ ಚೊಕ್ಕ ಮಾಡುತ್ತದೆ. ಹೆಣ್ಣುಮರಿಗಿಂತ ಗಂಡುಮರಿಯನ್ನು ಹೆಚ್ಚು ನೆಕ್ಕುತ್ತದೆ, ಏಕೆಂದರೆ ಗಂಡುಮರಿಯ ವಾಸನೆಯೇ ಬೇರೆ, ಆ ವಾಸನೆ ಹಾರ್ಮೋನಿನಿಂದ ಬಂದದ್ದು. ತಾಯಿಗೆ ವಾಸನೆ ಹತ್ತದಂತೆ ಮಾಡಿ ನೆಕ್ಕುವುದನ್ನು ಕಡಿಮೆ ಮಾಡಿಸಿದಾಗ ಆ ಗಂಡುಮರಿಗಳ ಮುಂದಿನ ಗಂಡುನಡತೆಯಲ್ಲಿ ವ್ಯತ್ಯಾಸ ಬಂತು. ಬೆನ್ನುಹುರಿಯ ಒಂದು ನರಗುಂಪಿನ ಕೋಶಗಳೂ ಕಡಿಮೆಯಾದವು. 1980 ಮತ್ತು 1990ರ ದಶಕಗಳ ಕೆಲಸವಿದು. ಹಾರ್ಮೋನು ತಾಯಿಯ ನಾಲಿಗೆಯ ಮೂಲಕ ಮಿದುಳನ್ನು ಮುಟ್ಟಿದೆ. ಇದನ್ನು ಹುಟ್ಟುಗುಣವೆನ್ನುವಿರೋ, ಸಾಕಿದ ಗುಣವೆನ್ನುವಿರೋ? ಇಲಿಗೇ ಹೀಗಾದರೆ, ಹೆಣ್ಣು ಕೂಸಿಗೆ ಹನ್ನೆರಡನೆಯ ದಿನದಿಂದಲೇ ಬಳೆ ತೊಡಿಸುವ ನಮ್ಮ ಮಾತು ಬಿಡಿ.

ಎರಡೂ ಪುಸ್ತಕಗಳ ನಂತರ, 2015ರಲ್ಲಿ, ಇಸ್ರೇಲಿನ ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು ಸಾವಿರದ ನಾನೂರಕ್ಕೂ ಹೆಚ್ಚು ಜನರ ಮಿದುಳಿನ ಚಿತ್ರಗಳನ್ನು ಪರಿಶೀಲಿಸಿದರು. ಎಲ್ಲ ಭಾಗಗಳಲ್ಲೂ 'ಗಂಡು' ತುದಿಗೋ 'ಹೆಣ್ಣು' ತುದಿಗೋ ನಿಲ್ಲುವ ಮಿದುಳು ಅಪರೂಪ. ಹೆಚ್ಚಿನವು ಕೌದಿಯಂತೆ, ಅಲ್ಲೊಂದು ಇಲ್ಲೊಂದು ತುಂಡು. ಇದಕ್ಕೆ ಆಕ್ಷೇಪಣೆಯೂ ಬಂತು: ಎಲ್ಲ ತುಂಡುಗಳನ್ನು ಒಟ್ಟಿಗೆ ನೋಡಿ ಇದು ಗಂಡಿನದೋ ಹೆಣ್ಣಿನದೋ ಎಂದು ಕಂಪ್ಯೂಟರು ಬಹುಮಟ್ಟಿಗೆ ಸರಿಯಾಗಿ ಹೇಳಬಲ್ಲದು ಎಂದು. ಎರಡೂ ನಿಜವಿರಬಹುದು. ಕೌದಿ ನೋಡಿ ಯಾವ ಮನೆಯದೆಂದು ಹೇಳಬಹುದು. ಮನೆಯ ಹೆಸರು ಕೇಳಿ ಕೌದಿಯಲ್ಲಿ ಯಾವ ತುಂಡು ಎಲ್ಲಿದೆಯೆಂದು ಹೇಳಲಾಗದು. ಸಲಹಾಪತ್ರ ಮಾಡಲು ಹೊರಟದ್ದು ಈ ಎರಡನೆಯದನ್ನು. ಸರಾಸರಿಯನ್ನು ತಂದು ಒಬ್ಬ ಹುಡುಗಿಯ ಹೆಸರಿನ ಮುಂದೆ ಬರೆದರು. ಅವಳ ಗಣಿತದ ಅಂಕಪಟ್ಟಿ ಅದೇ ಶಾಲೆಯ ಕಪಾಟಿನಲ್ಲಿತ್ತು.

ಅರ್ಜಿಯಲ್ಲಿ ಮಗಳು ಗಣಿತವನ್ನೇ ಬರೆದಳು, ಹನ್ನೊಂದನೆಯ ತರಗತಿ ಈಗ ನಡೆದಿದೆ. ಭೌತಶಾಸ್ತ್ರ ಹಗುರವಾಗಿಲ್ಲ, ಮೊದಲ ಪರೀಕ್ಷೆಯಲ್ಲಿ ಅಂಕ ಇಳಿದಾಗ ಭಾವನವರ ಫೋನು ಬಂದಿತ್ತು. ಎರಡೂ ಪುಸ್ತಕಗಳನ್ನು ಸಂಘದ ವಾಚನಾಲಯಕ್ಕೆ ಕೊಟ್ಟಿದ್ದೇವೆ. ಮೊದಲನೆಯದರ ಅನುಬಂಧದ ಪುಟಗಳಲ್ಲಿ, ರೈಲು ಮತ್ತು ಎಂಜಿನಿನ ಪ್ರಶ್ನೆಗಳ ಪಕ್ಕದಲ್ಲಿ, ಪೆನ್ಸಿಲಿನಿಂದ ಚುಕ್ಕಿ ಇಟ್ಟು ರಂಗೋಲಿ ಎಳೆದಿದೆ. ಅದು ನಮ್ಮ ಮಗಳ ಕೆಲಸ. ಗ್ರಂಥಪಾಲರು ಅಳಿಸದೆ ಇಟ್ಟಿದ್ದಾರೆ.